ಹೊಂಡಕ್ಕಿಂತ ಗೋಡೆ ತುಟ್ಟಿ

ಮೊನ್ನೆ ಲಿಂಗಸುಗೂರಿನ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯ ಬೀಗರೊಬ್ಬರು ಕೇಳಿದರು: "ಅಕ್ಕಾರ, ಮನ್ಯಾಗ ಈಜುಕೊಳ ಕಟ್ಟಸ್ಬೇಕಂದ್ರ ಎಷ್ಟಾಕ್ಕತ್ರಿ? ನಿಮ್ಮ ತವರುಮನ್ಯಾಗ ಆಗಿನ ಕಾಲಕ್ಕ ಇತ್ತಂತಲ್ಲ?"

ಬಾಯಲ್ಲಿ ಹೋಳಿಗೆ ಇತ್ತು. ನಗು ಬಂದು ನೆತ್ತಿಗೆ ಹತ್ತಿತು. ನೀರು ಕುಡಿದು ಸುಧಾರಿಸಿಕೊಂಡು ಅಂದೆ: "ಎಷ್ಟಾಕ್ಕತಿ ಅಂದ್ರ ಏನ್ ಹೇಳ್ಲಿ? ಮೊದಲ ನಿಮ್ಮ ಮಣ್ಣು ಎಂಥಾದು ಹೇಳ್ರಿ. ಎಷ್ಟು ಆಳ ಬೇಕು ಹೇಳ್ರಿ. ಕಲ್ಲು ಎಲ್ಲಿಂದ ತರಸ್ತೀರಿ, ಲಾರಿ ಮನೀತನಕ ಬರ್ತೈತೋ ಇಲ್ಲೋ ಹೇಳ್ರಿ. ಎಲ್ಲಾದಕ್ಕಿಂತ ಮೊದಲ, ಅದರಾಗ ಈಜಾಕಿ ಯಾರು ಅದನ್ನ ಹೇಳ್ರಿ!"

ಪಾಪ, ಅವರು ಅನ್ನ ಕಲಸತೊಡಗಿದರು. ನನ್ನ ಬಾಯಿ ಮೊದಲಿನಿಂದಲೂ ಹೀಗೆಯೇ, ಕೇಳಿದ್ದೊಂದಕ್ಕೆ ಹೇಳೋದು ಹತ್ತು. ಆದರೆ ಈ ವಿಷಯದಲ್ಲಿ ಬೇರೆ ಉತ್ತರವೇ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಈಜಾಕಿ ಇದ್ದವಳು ನಮ್ಮವ್ವ. ಖರ್ಚೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಅವ್ವನ ತವರು ಮಸ್ಕಿ ಕಡೆಯ ಒಂದು ಸಣ್ಣ ಊರು. ಅಲ್ಲಿ ಕಾಲುವೆ ಇಲ್ಲ, ಕಪ್ಪು ಹೊಲದ ನಡುನಡುವೆ ಕಲ್ಲುಕಟ್ಟಿದ ತೋಟದ ಬಾವಿಗಳು. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಈಜು ಕಲಿತವಳು ಅವ್ವ. ಆಮೇಲೆ ಡಬ್ಬಿ ಬಿಚ್ಚಿ ಎಸೆದಳಂತೆ, ಬಾವಿಯ ಮೇಲಿನ ಕಲ್ಲಿನಿಂದ ಜಿಗಿಯುತ್ತಿದ್ದಳಂತೆ, ಒಳಗೇ ಉಸಿರು ಹಿಡಿದು ಎಲ್ಲರನ್ನೂ ಅಂಜಿಸುತ್ತಿದ್ದಳಂತೆ. ನಮ್ಮ ಸೋದರಮಾವ ಈ ಕಥೆ ಹೇಳುವಾಗ ಕೈ ಕಾಲು ಬಡಿದು ತೋರಿಸುತ್ತಿದ್ದ. ಅವ್ವ ಮಾತ್ರ, "ಸುಮ್ನಿರೋ, ಹಳೇದೆಲ್ಲಾ ಯಾಕ ತಗೀತಿ" ಎಂದು ಒಳಗೆ ಹೋಗಿಬಿಡುತ್ತಿದ್ದಳು.

ಮದುವೆಯಾಗಿ ಬಂದದ್ದು ತುರ್ವಿಹಾಳದ ಕಡೆ, ಕಾಲುವೆ ನೀರಿನ ನಾಡಿಗೆ. ಎತ್ತ ನೋಡಿದರೂ ನೀರು, ಎತ್ತ ನೋಡಿದರೂ ಭತ್ತ. ಆದರೆ ಈಜಲು ಮಾತ್ರ ಒಂದು ಹನಿಯೂ ಇಲ್ಲ! ಕಾಲುವೆಯಲ್ಲಿ ಸೆಳವು ಜಾಸ್ತಿ, ಮೇಲೆ ಅಲ್ಲಿ ಗಂಡಸರ ಸ್ನಾನ, ಎಮ್ಮೆಗಳ ಸ್ನಾನ. ಸೊಸೆಯಾದವಳು ಕೊಡ ತುಂಬಿಕೊಂಡು ತಲೆ ತಗ್ಗಿಸಿ ಬರಬೇಕು, ಅಷ್ಟೆ. ನಾನು ಹುಟ್ಟಿ, ಬೆಳೆದು, ಲಂಗ ದಾವಣಿ ಉಡುವಷ್ಟಾದರೂ ಅವ್ವ ಒಮ್ಮೆಯೂ ನೀರಿಗಿಳಿದಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಒಂದು ವರ್ಷ ಭತ್ತ ಚೆನ್ನಾಗಿ ಬಂತು, ಸಿಂಧನೂರಿನ ಪೇಟೆಯಲ್ಲಿ ಧಾರಣೆಯೂ ಚೆನ್ನಾಗಿ ಸಿಕ್ಕಿತು. ಊರಲ್ಲಿ ಕೆಲವರು ಟ್ರ್ಯಾಕ್ಟರ್ ತಂದರು, ಕೆಲವರು ಕಲರ್ ಟಿವಿ ತಂದು ಓಣಿಗೆಲ್ಲ ಕಾಣುವಂತೆ ಪಡಸಾಲೆಯಲ್ಲಿಟ್ಟರು. ಅಪ್ಪ ಭತ್ತ ಮಾರಿ ಬಂದು, ಮಿಠಾಯಿ ಪೊಟ್ಟಣ ಅವ್ವನ ಮುಂದಿಟ್ಟು, "ಏನ್ ಬೇಕು ಕೇಳು. ಬಂಗಾರದ ಬೋರಮಾಳ ಸರ ಮಾಡಸ್ಲೇನು, ಟಿವಿ ತರ್ಲೇನು?" ಎಂದ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆ, "ಈಜಾಕ ನೀರು ಬೇಕು ನನಗ" ಎಂದಳು.

ಅಪ್ಪ ನಕ್ಕ. ಅವ್ವ ನಗಲಿಲ್ಲ. "ಒಂದು ಸಲ ಈಜಿದ್ರ ಸಾಕು. ಮರ್ತೀನೋ ಏನೋ ಅಂತ ಅನ್ನಸ್ತೈತಿ ಒಮ್ಮೊಮ್ಮಿ. ಅದು ಮರ್ತ್ರ ನಾ ನಾನ ಅಲ್ಲೇನೋ ಅನ್ನಸ್ತೈತಿ" ಎಂದಳು. ಆ ಮಾತು ಕೇಳಿ ಅಪ್ಪನ ನಗು ಅಲ್ಲೇ ನಿಂತಿತು. ಬೋರಮಾಳಾದರೆ ಒಂದು ದಿನದ ಕೆಲಸ, ಆದರೆ ನಮ್ಮಪ್ಪ ಹಟಕ್ಕೆ ಬಿದ್ದರೆ ಬ್ರಹ್ಮ ಬಂದರೂ ಬಿಡಿಸಲಾರ. ಮರುದಿನವೇ ಹೋಟೆಲಿನಲ್ಲಿ ಕೂತು, "ನಮ್ಮ ಹಿತ್ತಲದಾಗ ಈಜೋ ಹೊಂಡ ಕಟ್ಟಸ್ತೀನಿ" ಎಂದು ಊರಿಗೆಲ್ಲ ಸಾರಿಬಿಟ್ಟ.

ಲಿಂಗಸುಗೂರಿನಿಂದ ಒಬ್ಬ ಗೌಂಡಿಯನ್ನು ಕರೆಸಿದ. ನೀರಿನ ಟಾಕಿ ಕಟ್ಟುವುದರಲ್ಲಿ ಹೆಸರು ಮಾಡಿದವನು, ಕೈಗಿಂತ ಬಾಯಿ ಜೋರು. ಈಜುಕೊಳ ಅಂತೂ ಕನಸಿನಲ್ಲೂ ಕಂಡವನಲ್ಲ, ಆದರೂ ನೂರು ಕಟ್ಟಿದವನ ಹಾಗೆ ಹಿತ್ತಲೆಲ್ಲ ಓಡಾಡಿ ಕಾಲಲ್ಲಿ ಮಣ್ಣು ಕೆದರಿ ಹೇಳಿದ: "ಅಣ್ಣಾರ, ಇದು ಎರಿ ಮಣ್ಣು. ನೀರು ಕುಡುದ್ರ ಉಬ್ತೈತಿ, ಒಣಗಿದ್ರ ಸೀಳ್ತೈತಿ. ಇದನ್ನೆಲ್ಲಾ ತಗದು, ಮಸ್ಕಿ ಗುಡ್ಡದ ಕಡಿಂದ ಗಟ್ಟಿ ಗರಸು ಮಣ್ಣು ತಂದು ತುಂಬಿ ಬಡೀಬೇಕು. ಕಟ್ಟೋದರ ಖರ್ಚು ಒಂದು, ಕೆಳಗ ಮುಚ್ಚೋದರ ಖರ್ಚು ಮತ್ತೊಂದು."

ಅಪ್ಪನಿಗೆ ಸಿಟ್ಟು ಬಂತು. "ನಾವು ಭತ್ತ ಬೆಳ್ಯಾವ್ರಪಾ. ಇದ ಎರ್ಯಾಗ ವರ್ಷಕ್ಕ ಎರಡು ಬೆಳಿ ನೀರು ನಿಂದ್ರಸ್ತೀವಿ. ನೀರು ನಿಂದ್ರಸಾದು ನಮಗ ನೀ ಹೇಳ್ಕೊಡ್ತೀಯೇನು?" ಎಂದು ಗೌಂಡಿಯನ್ನು ಬಸ್ಸು ಹತ್ತಿಸಿ ಕಳಿಸಿದ.

ಆಮೇಲೆ ನಡೆದದ್ದು ಭತ್ತದ ನಾಡಿನವರಲ್ಲದೆ ಬೇರೆ ಯಾರೂ ಮಾಡಲಾರದ ಕೆಲಸ. ಆಳುಗಳು ಹಿತ್ತಲಲ್ಲಿ ದೊಡ್ಡ ತಗ್ಗು ತೋಡಿದರು. ಒಂದು ಕಡೆ ಇಳಿಜಾರು ಬಿಟ್ಟು ಅದರಲ್ಲಿ ಎತ್ತುಗಳನ್ನು ಇಳಿಸಿದರು. ನಾಟಿಗೆ ಗದ್ದೆ ಕೆಸರು ಮಾಡುತ್ತಾರಲ್ಲ, ಹಾಗೆಯೇ ನೀರು ಬಿಟ್ಟು ಎತ್ತು ತಿರುಗಿಸಿ ತಿರುಗಿಸಿ ತಳವನ್ನು ಬೆಣ್ಣೆಯ ಹಾಗೆ ಮಾಡಿದರು. ಮೇಲೆ ನೀರು ತುಂಬಿದರು. ಏನನ್ನಲಿ, ನೀರು ನಿಂತಿತು! ಒಂದು ಬೆರಳೂ ಇಳಿಯಲಿಲ್ಲ. ಅಪ್ಪ ಮೀಸೆ ತಿರುವಿಕೊಂಡು ದಂಡೆಯ ಮೇಲೆ ಓಡಾಡಿದ. "ಆ ಗೌಂಡಿನ್ನ ಕರಸ್ರಲೇ, ನೋಡ್ಲಿ ಬಂದು" ಎಂದ. ಆಮೇಲೆ ಚಡ್ಡಿ ಹಾಕಿಕೊಂಡು, "ಮೊದಲ ನಾ ಇಳದು ನೋಡ್ತೀನಿ" ಎಂದು ಇಳಿದ.

ಇಳಿದವನು ಇಳಿಯುತ್ತಲೇ ಹೋದ. ಮೊಣಕಾಲು ಹೂತಿತು, ತೊಡೆ ಹೂತಿತು. ಒಂದು ಕಾಲು ಎತ್ತಿದರೆ ಇನ್ನೊಂದು ಒಳಗೆ. ನೀರೆಲ್ಲ ಕಾಡಿಗೆ ಕದಡಿದ ಹಾಗಾಯಿತು. "ಹಗ್ಗ ತರ್ರಲೇ! ನಿಂತು ಏನ್ ನೋಡ್ತೀರಲೇ, ಹಗ್ಗ ತರ್ರೀ!" ಎಂದು ಕೂಗಿದ. ಎತ್ತಿನ ಹಗ್ಗ ತಂದು ಆಳುಗಳು ಎಳೆದರು. ಮೇಲೆ ಬಂದಾಗ ಅಪ್ಪನಿಗೂ ನಮ್ಮ ಎಮ್ಮೆಗೂ ಗುರುತು ಹಿಡಿಯಲು ಮೀಸೆಯೊಂದೇ ಇತ್ತು.

ಅವ್ವ ಬೇವಿನ ಗಿಡ ತಬ್ಬಿಕೊಂಡು ನಕ್ಕಳು. ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತು ನಕ್ಕಳು. "ಏನ್ರಿ, ಅದರಾಗ ಸಸಿ ಹಚ್ರಿ, ಚೊಲೋ ಬೆಳಿತೈತಿ!" ಎಂದಳು. ಅಪ್ಪ ಕಣ್ಣು ಕೆಂಪಗೆ ಮಾಡಿದ, ಆಮೇಲೆ ತಾನೂ ನಕ್ಕ. ನಾನಂತೂ ಅವ್ವನನ್ನೇ ನೋಡುತ್ತಿದ್ದೆ. ಆಕೆ ಹಾಗೆ ನಕ್ಕದ್ದನ್ನು ಅಲ್ಲಿತನಕ ಕಂಡಿರಲಿಲ್ಲ, ನನಗೆ ಖುಷಿಯಿಂದ ಅಳುವೇ ಬಂದಿತ್ತು.

ನೀರು ಬಸಿದ ಮೇಲೆ ಬಿಸಿಲಿಗೆ ಆ ತಳ ಹೇಗೆ ಬಿರಿಯಿತು ಅಂದರೆ, ನನ್ನ ಒಂದು ಚಪ್ಪಲಿ ಒಳಗೆ ಬಿದ್ದದ್ದು ಇವತ್ತಿಗೂ ಸಿಕ್ಕಿಲ್ಲ. ಗೌಂಡಿಗೆ ಮತ್ತೆ ಕರೆ ಹೋಯಿತು. ಅವನು ಬಂದು ತಗ್ಗು ನೋಡಿದ, ಅಪ್ಪನ ಮುಖ ನೋಡಿದ. ಚಹಾ ಬರುವತನಕ ತಡೆದುಕೊಂಡು, ಚಹಾ ಬಂದ ಮೇಲೆ ನಕ್ಕ.

ಗರಸಿನ ಟ್ರ್ಯಾಕ್ಟರುಗಳು ಮಸ್ಕಿ ಕಡೆಯಿಂದ ಬರತೊಡಗಿದವು. ಎರಿ ಮಣ್ಣು ತೆಗೆದು ಗರಸು ತುಂಬಿ ಬಡಿಯುವುದರಲ್ಲೇ ಅಪ್ಪನ ಕೈ ಅರ್ಧ ಬರಿದಾಯಿತು. ಅಷ್ಟರಲ್ಲಿ ಆಳದ ಜಗಳ ಶುರುವಾಯಿತು. ಅಪ್ಪ ಎದೆಮಟ್ಟ ಸಾಕೆಂದ, ಯಾಕೆಂದರೆ ಆಳ ಹೋದಷ್ಟೂ ಮಣ್ಣು ಮೇಲೆತ್ತುವ ಕೂಲಿ ಏರುತ್ತದೆ, ಗೋಡೆಯೂ ದಪ್ಪ ಆಗಬೇಕು. ನಮ್ಮಜ್ಜಿ, ಅಂದರೆ ಅಪ್ಪನ ಅವ್ವ, ಮೊಣಕಾಲುಮಟ್ಟ ಸಾಕೆಂದಳು. "ಸೊಸಿ ಮುಳುಗಿದ್ರ ಊರಿಗಿ ಏನಂತ ಮಾರಿ ತೋರಸ್ಲಿ?" ಎಂಬುದು ಅವಳ ಚಿಂತೆ.

ಅತ್ತೆಯ ಮುಂದೆ ಎಂದೂ ದನಿ ಎತ್ತದ ಅವ್ವ ಅವತ್ತು ಎತ್ತಿದಳು. "ಅತ್ತಿ, ಮೊಣಕಾಲು ನೀರಾಗ ಎಮ್ಮಿ ಮಲಗ್ತಾವ, ಮನುಷ್ಯಾರು ಈಜಲ್ಲ. ಜಿಗಿದ್ರ ತಲಿ ಮುಳುಗ್ಬೇಕು, ಕಾಲಿಗಿ ನೆಲ ಸಿಗಬಾರ್ದು. ಇಲ್ಲಂದ್ರ ನನಗ ಬ್ಯಾಡ." ಅಜ್ಜಿ ಮೂಗು ಮುರಿದಳು. ಕಡೆಗೆ ಗೌಂಡಿಯೇ ದಾರಿ ಹುಡುಕಿದ: ಒಂದು ತುದಿ ಅಜ್ಜಿ ಹೇಳಿದಷ್ಟು, ಇನ್ನೊಂದು ತುದಿ ಅವ್ವ ಹೇಳಿದಷ್ಟು, ನಡುವೆ ಇಳಿಜಾರು. ಜಗಳ ಮುಗಿಯಿತು, ಖರ್ಚು ಮಾತ್ರ ಅವ್ವ ಹೇಳಿದಷ್ಟಾಯಿತು.

ಕಲ್ಲು ಲಿಂಗಸುಗೂರು ಕಡೆಯಿಂದ ಲಾರಿಯಲ್ಲಿ ಬಂತು. ಬಂತು ಅಂದರೆ, ಡಾಂಬರು ರಸ್ತೆಯತನಕ ಬಂತು. ಅಲ್ಲಿಂದ ನಮ್ಮ ಮನೆಗೆ ಕಾಲುವೆ ಒಡ್ಡಿನ ದಾರಿ. ಅದು ಗದ್ದೆಗೆ ನೀರು ಬಿಟ್ಟ ಕಾಲ, ಒಡ್ಡೆಲ್ಲ ಹಸಿ. ಡ್ರೈವರು ಒಂದು ಹೆಜ್ಜೆ ಇಟ್ಟು ನೋಡಿ, "ನನ್ನ ಲಾರಿ ನಾಟಿ ಹಚ್ಚಾಕಲ್ರಿ" ಎಂದು ರಸ್ತೆಯ ಮೇಲೇ ಕಲ್ಲು ಸುರುವಿ ಹೋದ. ಅಲ್ಲಿಂದ ಬಂಡಿಗಳಲ್ಲಿ ಹೇರಿಸಬೇಕಾಯಿತು. ಕಲ್ಲಿನ ದರಕ್ಕಿಂತ ಕಲ್ಲು ತರುವ ದರ ಜಾಸ್ತಿ ಎಂದು ಅಪ್ಪ ಗೊಣಗಿದ. ಆದರೂ ಬಂಡಿಯ ಮೇಲೆ ತಾನೇ ಕೂತು ಹಾಡುತ್ತ ಬರುತ್ತಿದ್ದ. ಅವನ ದನಿ ಕತ್ತೆಯ ದನಿ, ಆದರೆ ಆ ದಿನಗಳಲ್ಲಿ ಯಾರೂ ಬೇಡ ಅನ್ನಲಿಲ್ಲ.

ಹೊಂಡ ಮುಗಿಯಿತು ಅನ್ನುವಷ್ಟರಲ್ಲಿ ಅಜ್ಜಿ ಕಲ್ಲಿನ ಮೇಲೆ ಕೂತು ಕೇಳಿದಳು: "ಗ್ವಾಡಿ ಎಲ್ಲೈತಿ?"

"ಯಾವ ಗ್ವಾಡಿಬೇ?" ಎಂದ ಅಪ್ಪ.

"ನಮ್ಮ ಮನೀ ಹೆಣಮಗಳು ಸೀರಿ ಕಚ್ಚಿ ಹಾಕಿ ನೀರಾಗ ಇಳಿತಾಳ. ಒಡ್ಡಿನ ಮ್ಯಾಲ ಹೋಗೋರೆಲ್ಲಾ ನಿಂತು ನೋಡ್ಲೇನು? ಆನಿ ಮ್ಯಾಲ ಕುಂತು ಹೋದ್ರೂ ಕಾಣಬಾರ್ದು, ಅಷ್ಟು ಎತ್ತರ ಗ್ವಾಡಿ ಬೇಕು."

ಅಪ್ಪ ಅಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತ. ಸುತ್ತಲೂ ಗೋಡೆ ಎಂದರೆ ಮತ್ತೆ ಪಾಯ, ಮತ್ತೆ ಗರಸು, ಮತ್ತೆ ಕಲ್ಲು, ಮತ್ತೆ ಬಂಡಿ. ಕೊನೆಗೆ ಸಿಂಧನೂರಿನ ಸಿಮೆಂಟಿನಂಗಡಿಯವನು, "ಏನ್ರೀ, ಹೊಂಡದಾಗ ಸಿಮೆಂಟು ತುಂಬಾಕತ್ತೀರೇನು?" ಎಂದು ಕೇಳಿದನಂತೆ. ಪೇಟೆಯಲ್ಲಿ ಯಾರಾದರೂ ಹೊಂಡಕ್ಕೆ ಎಷ್ಟಾಯಿತೆಂದು ಕೇಳಿದರೆ ಅಪ್ಪನ ಉತ್ತರ ಒಂದೇ: "ಹೊಂಡದ್ದು ಬಿಡ್ರಿ. ಹೊಂಡಕ್ಕಿಂತ ಗ್ವಾಡಿ ತುಟ್ಟಿ!"

ಗೋಡೆ ಎದ್ದು, ಅದಕ್ಕೊಂದು ಕಟ್ಟಿಗೆಯ ಬಾಗಿಲು ಕೂಡಿಸುವ ಹೊತ್ತಿಗೆ ಬೇಸಿಗೆ ತಲೆಯ ಮೇಲೆ ಬಂದಿತ್ತು, ಕಾಲುವೆ ಬಂದಾಗುವ ಸುದ್ದಿ ಬಂತು. ಇದೊಂದು ಲೆಕ್ಕವನ್ನು ನಾವು ಯಾರೂ ಹಾಕಿರಲಿಲ್ಲ. ನಮ್ಮಲ್ಲಿ ನೀರು ಕಾಲುವೆಯ ಮರ್ಜಿ. ಈಜಬೇಕೆನ್ನಿಸುವ ಬಿಸಿಲಿನಲ್ಲೇ ಅದು ನಿಲ್ಲುತ್ತದೆ. ಬೋರಿನ ನೀರು ಬಾಯಿಗಿಟ್ಟರೆ ಸವಳು. ಅಪ್ಪ ಡೀಸೆಲ್ ಇಂಜಿನ್ನು ತಂದು, ಕಾಲುವೆಯಲ್ಲಿ ನೀರಿರುವಾಗಲೇ ಹಗಲೆಲ್ಲ ಹರಿಸಿ ಹೊಂಡ ತುಂಬಿಸಿದ. ಪಟಿಕ ಹಾಕಿದೆವು. ರಾಡಿ ತಳಕ್ಕೆ ಕೂತು ನೀರು ತಿಳಿಯಾಯಿತು. ಎಂಥಾ ನೀರು! ತಳದ ಕಲ್ಲಿನ ಉಳಿಗುರುತು ಕೂಡ ಕಾಣುತ್ತಿತ್ತು.

"ಗಂಗಿ ಪೂಜಿ ಆಗೋತನಕ ಯಾರೂ ಇಳಿಯಂಗಿಲ್ಲ" ಎಂದಳು ಅಜ್ಜಿ. ಶುಕ್ರವಾರ ಗೊತ್ತಾಯಿತು. ಓಣಿಯ ಮುತ್ತೈದೆಯರು ಬಂದರು. ಅರಿಸಿನ ಕುಂಕುಮ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಎಲ್ಲ ಇಟ್ಟು ಅಜ್ಜಿ ತನ್ನ ಕೈಯಿಂದಲೇ ಗಂಗೆಗೆ ಉಡಿ ತುಂಬಿದಳು. ಅವ್ವ ಹಳೆಯ ಸೀರೆ ಉಟ್ಟು, ಕಚ್ಚೆ ಕಟ್ಟಿಕೊಳ್ಳಲು ತಯಾರಾಗಿ ನಿಂತಿದ್ದಳು.

ಆಗ ಹಿಂದಿನ ಮನೆಯ ಹೆಣ್ಣುಮಗಳು ನೀರಿಗೆ ಬಗ್ಗಿ ನೋಡಿ ಅಂದಳು: "ಯಕ್ಕಾ, ಈ ವರ್ಷ ಊರ ಕುಡಿಯೋ ನೀರಿನ ಕೆರಿ ತುಂಬ್ಲೇ ಇಲ್ಲ, ಇದ್ದದ್ದೂ ಹಸಿರು ಪಾಚಿ ಆಗೈತಿ. ಒಂದು ಕೊಡ ತುಂಬ್ಕೊಳ್ಲೇನಬೇ? ಕೂಸಿಗಿ ಕುಡ್ಸಾಕ."

ಪೂಜೆ ಮಾಡಿದ ನೀರಿಗೆ ಇಲ್ಲ ಅನ್ನಲು ಬರುತ್ತದೆಯೇ? ಅವ್ವನೇ ಕೊಡ ಇಸಿದುಕೊಂಡು ತುಂಬಿಕೊಟ್ಟಳು. ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಕೊಡಗಳ ಸಾಲು. ಅಜ್ಜಿ ಸಾಲು ನೋಡಿದಳು, ಸೊಸೆಯ ಮುಖ ನೋಡಿದಳು. "ಕುಡಿಯೋ ನೀರಾತವಾ ಇದು. ಕುಡಿಯೋ ನೀರಾಗ ಕಾಲು ಇಡ್ತಾರೇನು?" ಎಂದಳು. ಬೈದದ್ದಲ್ಲ, ಅವಳಿಗೂ ಕೆಡುಕೆನ್ನಿಸಿತ್ತು.

ನನಗೆ ಮೈಯೆಲ್ಲ ಉರಿ. ಸಾಲಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಇದು ನಮ್ಮವ್ವನ ಹೊಂಡ! ನಿಮ್ಮಪ್ಪ ಕಟ್ಟಿಸ್ಯಾನೇನು?" ಎಂದು ಕೂಗಾಡಿದೆ. ಅವ್ವ ಬಂದು ನನ್ನ ಬಾಯಿ ಮುಚ್ಚಿದಳು. "ಸುಮ್ನಿರಬೇ. ನೀರು ಎಲ್ಲಿಗೂ ಹೋಗಲ್ಲ" ಎಂದಳು. ಹೋಗಲ್ಲ ಅಂದರೆ! ಕಣ್ಣೆದುರಿಗೇ ಕೊಡ ಕೊಡ ಹೋಗುತ್ತಿತ್ತು.

ಆ ಬೇಸಿಗೆ ಪೂರ್ತಿ ಅವ್ವ ಅದಕ್ಕೆ ಕಾವಲು ಕೂತಳು. ದಂಡೆಯಿಂದ ಹಗ್ಗ ಕಟ್ಟಿದ ಬಕೆಟಿನಿಂದ ಮಾತ್ರ ಸೇದಬೇಕು, ಯಾರೂ ಮೆಟ್ಟಿಲು ಇಳಿಯಬಾರದು. ಓಣಿಯ ಹುಡುಗರು ಗೋಡೆ ಹತ್ತಲು ನೋಡಿದರೆ ಬಾರುಕೋಲು ಹಿಡಿದು ಓಡಿಸುವಳು. ಮಧ್ಯಾಹ್ನದ ಸುಡುವ ಬಿಸಿಲಲ್ಲಿ ಬೇವಿನ ನೆರಳಿಗೆ ಕೂತು ನೀರನ್ನೇ ನೋಡುತ್ತಿದ್ದಳು. ಒಂದು ಬೆರಳು ಅದ್ದಲಿಲ್ಲ. ನೋಡಿ ನೋಡಿ ಅಪ್ಪನಿಗೆ ತಡೆಯಲಾಗಲಿಲ್ಲ. "ಮಂದಿ ಮಲಗಿದಾಗ ಒಂದು ಸಲ ಇಳದು ಬಂದುಬಿಡು, ಯಾರಿಗಿ ಗೊತ್ತಾಕ್ಕತಿ?" ಎಂದ. ಅವ್ವ, "ಕುಡಿಯೋ ಕೂಸಿಗಿ ಗೊತ್ತಾಗಲ್ಲ, ಖರೇ. ನನಗ ಗೊತ್ತಾಕ್ಕತಲ್ರೀ" ಎಂದಳು. ಆದರೆ ನೀರು ಇಳಿದಂತೆಲ್ಲ ಅವಳ ಮುಖವೂ ಇಳಿಯುತ್ತಿತ್ತು. ನನ್ನ ತಲೆ ಬಾಚುವಾಗ ಒಮ್ಮೆ, "ಈಗಿಳಿದ್ರ ಕೈ ಕಾಲು ಆಡ್ತಾವೋ ಇಲ್ಲೋ" ಎಂದು ತನಗೆ ತಾನೇ ಅಂದುಕೊಂಡಳು.

ಆಷಾಢ ಮುಗಿಯುವ ಹೊತ್ತಿಗೆ ಕಾಲುವೆಗೆ ನೀರು ಬಂತು. ಊರ ಕೆರೆಯೂ ತುಂಬಿತು. ಹೊಂಡದ ತಳದಲ್ಲಿದ್ದ ಹಳೆಯ ನೀರನ್ನು ಅಪ್ಪ ಭತ್ತದ ಸಸಿ ಮಡಿಗೆ ಹರಿಸಿದ. ತಳ ತಿಕ್ಕಿ ತೊಳೆದು ಮತ್ತೆ ತುಂಬಿಸಿದೆವು, ಮತ್ತೆ ಪಟಿಕ ಹಾಕಿದೆವು. ತಿಳಿಯಾದ ದಿನ ಅಜ್ಜಿ ಹೇಳಿದಳು: "ಇನ್ನ ಇದು ಕುಡಿಯೋ ನೀರಲ್ಲ. ಇಳಿಯವಾ ನೀ. ನಾ ಮಾತ್ರ ಕಾಲಿಡಾಕಿಯಲ್ಲ. ನನ್ನ ಕೈಯಾರೆ ಉಡಿ ತುಂಬೀನಿ ಗಂಗವ್ವಗ."

ಬೇಸಿಗೆಯೆಲ್ಲ ನೀರು ಒಯ್ದ ಹೆಂಗಸರೆಲ್ಲ ಸುದ್ದಿ ಕೇಳಿ ಬಂದು ದಂಡೆಯ ಸುತ್ತ ಕೂತರು. ಅಪ್ಪನೂ ಹೊಸ ಪಂಚೆ ಉಟ್ಟು ಬಂದು ನಿಂತ.

"ನೀ ಎಲ್ಲಿಗೋ? ಹೊರಗ ನಡಿ" ಎಂದಳು ಅಜ್ಜಿ.

"ನಾ ಕಟ್ಟಿಸಿದ್ದಬೇ ಇದು!"

"ಕಟ್ಟಿಸಿದ್ರ ಏನಾತು? ಓಣಿ ಹೆಣಮಕ್ಕಳೆಲ್ಲಾ ಕುಂತಾರ ಇಲ್ಲಿ. ನಡಿ ನಡಿ." ಎಂದವಳೇ ಅವನನ್ನು ಹೊರಗೆ ಹಾಕಿ ಅಗುಳಿ ಜಡಿದಳು. ತಾನೇ ಎಬ್ಬಿಸಿದ ಗೋಡೆಯ ಹೊರಗೆ ಅಪ್ಪ ಒಬ್ಬನೇ ಉಳಿದ.

ಅವ್ವ ಕಚ್ಚೆ ಕಟ್ಟಿ ಆಳದ ತುದಿಯ ಕಲ್ಲಿನ ಮೇಲೆ ನಿಂತಳು. ಬಳೆ ಮೇಲಕ್ಕೆ ಏರಿಸಿಕೊಂಡಳು. ನನ್ನ ಕಡೆ ನೋಡಿ ಮೆಲ್ಲಗೆ, "ಮರ್ತಿದ್ರ ಏನ್ ಮಾಡ್ಲಿಬೇ?" ಎಂದಳು. ಅವ್ವ ಕಣ್ಣು ಮುಚ್ಚಿ ಜಿಗಿದಳು.

ಧುಡುಂ! ದಂಡೆಯಲ್ಲಿದ್ದವರಿಗೆಲ್ಲ ನೀರು ಸಿಡಿಯಿತು. ಹೋ ಎಂದು ಎಲ್ಲರೂ ಕೂಗಿದರು. ನೀರಿನ ಅಲೆ ದಂಡೆಗೆ ಬಡಿಯುತ್ತಲೇ ಇತ್ತು, ಅದರ ಬುರುಗು, ಹೊಳಪಿನಲ್ಲಿ ಒಳಗಿನದೇನೂ ಕಾಣಲಿಲ್ಲ. ಅವ್ವ ಮೇಲೆ ಬರಲಿಲ್ಲ.

"ಏನಾತು? ಎದ್ದಳೇನು?" ಎಂದ ಅಪ್ಪ ಹೊರಗಿನಿಂದ. "ಯಾರರ ಏನರ ಅನ್ರೀ! ಎದ್ದಳೋ ಇಲ್ಲೋ?" ಬಾಗಿಲು ಬಡಿಯತೊಡಗಿದ. ಆನೆಯ ಮೇಲೆ ಕೂತರೂ ಕಾಣದ ಗೋಡೆಯನ್ನು ಹತ್ತುವುದು ಎಲ್ಲಿಂದ!

"ಅಯ್ಯಯ್ಯೋ ನನ ಸೊಸಿ!" ಎಂದು ಅಜ್ಜಿ ಚೀರಿದಳು. ಉಡಿ ತುಂಬಿದ್ದು, ಕಾಲಿಡಬಾರದು ಅಂದದ್ದು, ಎಲ್ಲ ಎಲ್ಲಿ ಹೋಯಿತೋ. ಸೀರೆ ಸಮೇತ ತಗ್ಗಿಲ್ಲದ ತುದಿಯ ಮೆಟ್ಟಿಲಿಳಿದು, ಇಳಿಜಾರಿನಲ್ಲಿ ಸೊಂಟ ಮುಳುಗುವತನಕ ಹೋಗಿ, ನೀರಲ್ಲಿ ಎರಡೂ ಕೈಯಿಂದ ತಡಕಾಡುತ್ತ, "ಏಳವಾ, ಏಳ ನನ ತಾಯಿ!" ಎಂದು ಅಳತೊಡಗಿದಳು.

ಆಗ ಅವಳ ಕೈ ಹತ್ತಿರವೇ ನೀರು ಸೀಳಿತು. ಅವ್ವ ಎದ್ದಳು. ಆ ತುದಿಯಿಂದ ಈ ತುದಿಗೆ, ಹೊಂಡದ ಅಷ್ಟೂ ಉದ್ದವನ್ನು ಒಳಗಿಂದಲೇ ಈಜಿಕೊಂಡು ಬಂದಿದ್ದಳು. ಕೂದಲು ಮುಖದ ಮೇಲೆಲ್ಲ, ಹಣೆಯ ಕುಂಕುಮ ಮೂಗಿಗಿಳಿದಿತ್ತು. ನಗುತ್ತಿದ್ದಳು, ಉಸಿರಾಡಲೂ ಆಗದಷ್ಟು ನಗುತ್ತಿದ್ದಳು.

ಅಜ್ಜಿ ಅವಳ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಆಮೇಲೆ ತಬ್ಬಿಕೊಂಡಳು. ಆಮೇಲೆ ತನ್ನ ಕಾಲು ಎಲ್ಲಿವೆ ಎಂದು ನೋಡಿಕೊಂಡು, ಸೊಂಟದ ಮಟ್ಟದ ನೀರಲ್ಲಿ ನಿಂತಲ್ಲೇ ನೀರಿಗೆ ಕೈ ಮುಗಿದಳು. "ಗಂಗವ್ವ ಏನೂ ಅನ್ನಾಕಿಯಲ್ಲ ಬಿಡು. ಇಳದದ್ದ ಇಳದೀನಿ, ನನಗೂ ಒಂದೀಟು ಈಜು ಕಲಸು" ಎಂದಳು. ದಂಡೆಯ ಹೆಂಗಸರಲ್ಲಿ ಅರ್ಧ ಮಂದಿ ಸೀರೆ ಮೇಲೆತ್ತಿಕೊಂಡು ಮೆಟ್ಟಿಲಿಗೆ ಬಂದರು.

"ಲೇ, ಯಾರಾದ್ರೂ ಹೇಳ್ರಲೇ!" ಹೊರಗೆ ಅಪ್ಪನ ದನಿ ಒಡೆದಿತ್ತು. ನಾನು ಓಡಿ ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ಎರಡೂ ಅಂಗೈ ಗೋಡೆಗೆ ಒತ್ತಿ ನಿಂತಿದ್ದ.

ಅವ್ವ ನೀರಿನ ನಡುವಿನಿಂದ ಗೋಡೆಯ ಕಡೆಗೆ ಕೂಗಿದಳು: "ಮರ್ತಿಲ್ರೀ! ನಾ ಈಜು ಮರ್ತಿಲ್ಲ!"

ಅಪ್ಪನಿಗೆ ಕೇಳಿಸಿತು. ನಾನು ಕಣ್ಣಾರೆ ಕಂಡೆನಲ್ಲ, ಅವನ ಮುಖವೆಲ್ಲ ಅರಳಿತು, ಕಣ್ಣಿಂದ ನೀರು ಮೀಸೆಗಿಳಿಯಿತು. ಆದರೂ ಗೋಡೆಗೆ ಕಿವಿಯಿಟ್ಟು ಜೋರಾಗಿ ಅಂದ: "ಏನಂದಿ? ಗ್ವಾಡಿ ದಪ್ಪ ಐತಿ, ಕೇಳವಲ್ದು. ಇನ್ನೊಮ್ಮಿ ಅನ್ನು!"

ಅವ್ವ ಇನ್ನೊಮ್ಮೆ ಅಂದಳು.